ಅಡಿಕೆ ಮರಕ್ಕೆ ಸಾರಜನಕ: ಯೂರಿಯಾವೋ, ಸೊಪ್ಪು-ಗೊಬ್ಬರವೋ?

ಫಸಲು ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಎನ್ನುವುದು ರೂಢಿಯ ಶಿಫಾರಸು. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿರುವುದರಿಂದ ಸುಮಾರು 217 ಗ್ರಾಂ ಸಾಕು. ಹೊರುವ ಕೂಲಿಯೂ ಇಲ್ಲ. ಲೆಕ್ಕ ಇಷ್ಟೇ ಆಗಿದ್ದರೆ ಯೋಚಿಸುವುದೇ ಬೇಡವಿತ್ತು.

ಆದರೆ ಶಿರಸಿ, ಸಿದ್ದಾಪುರದ ಮಳೆ ಈ ಲೆಕ್ಕ ಕೆಡಿಸುತ್ತದೆ. ಮಣ್ಣಿಗೆ ಬಿದ್ದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಮೇಲೆ ಚೆಲ್ಲಿ ಬಿಟ್ಟರೆ ಒಂದಷ್ಟು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಉಳಿದದ್ದನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿಸುತ್ತವೆ. ಇದನ್ನು ಮಣ್ಣಿನ ಕಣ ಹಿಡಿದಿಟ್ಟುಕೊಳ್ಳುವುದು ಕಡಿಮೆ. ಆರ್ದ್ರೆ ಮಳೆ ಹೊಡೆದರೆ ಬೇರು ದಾಟಿ ಬಸಿಗಾಲುವೆ, ಹಳ್ಳ ಸೇರುತ್ತದೆ. ನೀರು ನಿಲ್ಲುವ ತಗ್ಗಿನ ತೋಟದಲ್ಲಿ ಇನ್ನೊಂದು ನಷ್ಟ: ಗಾಳಿಯಾಡದ ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಮತ್ತೆ ಗಾಳಿಗೇ ಬಿಡುತ್ತವೆ, ಜೊತೆಗೆ ಒಂದಿಷ್ಟು ನೈಟ್ರಸ್ ಆಕ್ಸೈಡ್.

ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ಕೊಯ್ಯಲು ಬಿಟ್ಟ ಕಾಡಿನ ಸೊಪ್ಪು, ಕೊಟ್ಟಿಗೆ ಗೊಬ್ಬರದ್ದು ನಿಧಾನ. ಸೂಕ್ಷ್ಮಜೀವಿಗಳು ಕೊಳೆಯಿಸಿದ ಮೇಲಷ್ಟೇ ಸಾರಜನಕ ಬೇರಿಗೆ ಸಿಗುತ್ತದೆ, ಹಾಗಾಗಿ ಒಮ್ಮೆಲೇ ತೊಳೆದು ಹೋಗುವುದಿಲ್ಲ. ಬರೀ ದರಕು (ಉದುರಿದ ಒಣ ಎಲೆ) ಹಾಕಿದರೆ ಮಾತ್ರ ತೊಂದರೆ, ಅದರಲ್ಲಿ ಇಂಗಾಲ ಹೆಚ್ಚು. ಕೊಳೆಯುವಾಗ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ಕೆಲಕಾಲ ಕಸಿದುಕೊಳ್ಳುತ್ತವೆ. ಹಸಿರು ಗೊಬ್ಬರದ ಗಿಡ ಗ್ಲಿರಿಸಿಡಿಯಾ ಹಾಗಲ್ಲ. ಅದರ ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದುಕೊಡುತ್ತದೆ, ಎಳೆ ಸೊಪ್ಪು ಬೇಗ ಕೊಳೆಯುತ್ತದೆ. ಬೇಲಿಗೆ ನೆಟ್ಟರಾಯಿತು, ಸವರಲು ಆಳು ಸಿಗಬೇಕಷ್ಟೆ!

ದನ, ಬೆಟ್ಟ ಎರಡೂ ಇದ್ದವರು ಸೊಪ್ಪು-ಗೊಬ್ಬರವನ್ನೇ ನೆಚ್ಚಿಕೊಳ್ಳಿ. ಕೊಟ್ಟಿಗೆ ಖಾಲಿಯಾದವರು ಯೂರಿಯಾವನ್ನು ಎರಡು ಕಂತು ಮಾಡಿ: ಮಳೆಗಾಲದ ಮೊದಲ ತೇವಕ್ಕೊಂದು, ಸೆಪ್ಟೆಂಬರಿನಲ್ಲಿ ಮಳೆ ಇಳಿದ ಮೇಲೊಂದು. ನನ್ನ ಕೇಳಿದರೆ ದೊಡ್ಡ ಪಾಲು ಎರಡನೆಯದಕ್ಕಿರಲಿ. ಎರಡೂ ಸಲ ಮಣ್ಣು ಮುಚ್ಚಿ.