ದೊಡ್ಡ ದಿಮ್ಮಿ ಕೊಯ್ಯಲು ಯಾವ ಮಿಲ್?

ನಾಲ್ಕಡಿ ದಪ್ಪದ ದಿಮ್ಮಿಯನ್ನು ಎತ್ತಿ ಇಡಲು ಆಗುತ್ತದೆಯೇ? ಮೊದಲು ಇದನ್ನು ನೋಡಿ. ಬ್ಯಾಂಡ್‌ಸಾ ಮಿಲ್‌ಗೆ (ಪಟ್ಟಿಯಂಥ ಬ್ಲೇಡ್ ಸುತ್ತುತ್ತಾ ಕೊಯ್ಯುವ ಯಂತ್ರ) ಎತ್ತಿ ಇಡಲೇಬೇಕು, ಚಿಕ್ಕ ಮಾದರಿಗಳಲ್ಲಿ ಅಷ್ಟು ದಪ್ಪದ್ದು ಹಿಡಿಸುವುದೂ ಇಲ್ಲ. ಸ್ವಿಂಗ್ ಬ್ಲೇಡ್ ಮಿಲ್ಲನ್ನು (ದುಂಡು ಬ್ಲೇಡನ್ನು ಅಡ್ಡಕ್ಕೂ ನೇರಕ್ಕೂ ತಿರುಗಿಸಿ ಕೊಯ್ಯುವ ಯಂತ್ರ) ಬಿದ್ದ ದಿಮ್ಮಿಯ ಸುತ್ತಲೇ ಜೋಡಿಸಬಹುದು. ಅಲುಗಿಸಲಾಗದ ಮರದಿಂದ ತೊಲೆ, ರೀಪು ಬೇಕಿದ್ದರೆ ನಾನು ಅದನ್ನೇ ಹೇಳುತ್ತೇನೆ. ಅದರ ಬ್ಲೇಡಿನ ಮಂದವಾದ ಹಲ್ಲನ್ನು ಅಲ್ಲೇ ಸಾಣೆ ಹಿಡಿಯಬಹುದು.

ಬೆಲೆಯಲ್ಲಿ ಚೈನ್‌ಸಾ ಮಿಲ್ಲೇ (ಕೈಯಲ್ಲಿ ಹಿಡಿಯುವ ಸರಪಳಿ ಗರಗಸಕ್ಕೆ ಚೌಕಟ್ಟು ಜೋಡಿಸಿದ್ದು) ಅಗ್ಗ, ಹೊತ್ತೊಯ್ಯಲೂ ಸುಲಭ. ಆದರೆ ಒಂದೊಂದು ಸೀಳಿಗೂ ಸುಮಾರು 8 ಮಿ.ಮೀ. ಮರ ಪುಡಿಯಾಗುತ್ತದೆ, ಬ್ಯಾಂಡ್‌ಸಾದಲ್ಲಿ 2-3 ಮಿ.ಮೀ. ಅಷ್ಟೇ. ಹತ್ತು ಸೀಳಿಗೆ ಎರಡು ಇಂಚು ಜಾಸ್ತಿ ಹೋಯಿತು, ಅಲ್ವಾ? ಕೆಲಸವೂ ನಿಧಾನ, ತೋಳು ಸೋಲುತ್ತದೆ. ವರ್ಷಕ್ಕೆ ಒಂದೆರಡು ಅಗಲವಾದ ಮೇಜಿನ ಹಲಗೆ ಸಾಕು ಅನ್ನುವವರಿಗೆ ಅದೇ ಸರಿ. ದಿನಾ ಹಲಗೆ ಕೊಯ್ಯುವವರು ಬ್ಯಾಂಡ್‌ಸಾ ನೋಡಲಿ, ಹೆಚ್ಚುವರಿ ಬ್ಲೇಡ್ ಸಮೇತ: ಮರದೊಳಗೆ ಒಂದು ಮೊಳೆ ಸಿಕ್ಕರೂ ಬದಲಿಸಬೇಕಾಗುತ್ತದೆ.