ಪದಕೋಶದ ಎಕ್ಸ್‌ಎಂಎಲ್ ಮತ್ತು ಜಾವಾ ಕ್ಲಾಸ್: ಜ್ಯಾಕ್ಸ್‌ಬಿ, ಜ್ಯಾಕ್ಸನ್, ಸ್ಟ್ಯಾಕ್ಸ್ ಮೂರನ್ನೂ ನೋಡಿದೆ

ಕೈಯಲ್ಲಿ ಇದ್ದದ್ದು ಒಂದು ಕನ್ನಡ ಪದಕೋಶದ ಎಕ್ಸ್‌ಎಂಎಲ್ ಫೈಲ್, 2,000 ಚಿಲ್ಲರೆ ಪದ. ಎಕ್ಸ್‌ಎಂಎಲ್ ಅಂದರೆ ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಬರೆದಿಡುವ ರೀತಿ. ಅದನ್ನು ಜಾವಾ ಆಬ್ಜೆಕ್ಟ್ ಮಾಡಬೇಕಿತ್ತು, ಅಂದರೆ ಒಂದು ಕ್ಲಾಸ್ (ಅಚ್ಚು) ಬರೆದು, ಅದರ ಹೆಸರಿಟ್ಟ ಖಾನೆಗಳಿಗೆ (ಫೀಲ್ಡ್) ಪ್ರತಿ ಪದದ ಮಾಹಿತಿ ತುಂಬಬೇಕು. ಪದ, ವ್ಯಾಕರಣ, ಅರ್ಥ, ಮೂರೇ ಫೀಲ್ಡ್ ಅಲ್ವಾ, ಅರ್ಧ ದಿನ ಸಾಕು ಅಂದುಕೊಂಡೆ. ಮೂರು ವಾರಾಂತ್ಯ ಹೋಯಿತು.

ಎಡವಟ್ಟಾಗಿದ್ದು ಅರ್ಥದ ಟ್ಯಾಗಿನಲ್ಲಿ. ‘ಕಾಲು’ ಪದಕ್ಕೆ ಹೀಗಿತ್ತು:

<ಅರ್ಥ>ನಡೆಯುವ ಅಂಗ; <ಉದಾ>ಕಾಲು ಜಾರಿತು</ಉದಾ> ನಾಲ್ಕರಲ್ಲಿ ಒಂದು ಪಾಲು; <ಉದಾ>ಕಾಲು ಕೆಜಿ</ಉದಾ></ಅರ್ಥ>

ಯಾವ ಉದಾಹರಣೆ ಯಾವ ಅರ್ಥದ್ದು ಅನ್ನುವುದು ಅದು ಕೂತಿರುವ ಜಾಗದಿಂದಲೇ ಗೊತ್ತಾಗಬೇಕು. ಕ್ಲಾಸಿನ ಫೀಲ್ಡಿಗೋ ಹೆಸರಿರುತ್ತದೆ, ಜಾಗ ಇರುವುದಿಲ್ಲ.

ಮೊದಲು ಜ್ಯಾಕ್ಸ್‌ಬಿ, ಟ್ಯಾಗಿನಲ್ಲಿದ್ದದ್ದನ್ನು ಕ್ಲಾಸಿನ ಫೀಲ್ಡಿಗೆ ತಾನೇ ತುಂಬುವ (ಮ್ಯಾಪಿಂಗ್) ಲೈಬ್ರರಿ. ಜಾವಾ 11ರಲ್ಲಿ ಇದನ್ನು ಜೆಡಿಕೆಯಿಂದ (ಜಾವಾ ಜೊತೆ ಬರುವ ಕಿಟ್) ತೆಗೆದಿದ್ದಾರೆ, ಈಗ ಈ ಲೈಬ್ರರಿಯನ್ನು ಪ್ರಾಜೆಕ್ಟಿಗೆ ನಾವೇ ಸೇರಿಸಬೇಕು. ಎಕ್ಸ್‌ಎಂಎಲ್ ಮಿಕ್ಸ್ಡ್ ಅನ್ನೋ ಅನೊಟೇಶನ್ (ಫೀಲ್ಡಿನ ಮೇಲೆ ಬರೆಯುವ ಸೂಚನೆ) ಹಾಕಿದರೆ ಪಠ್ಯ, ಟ್ಯಾಗ್‌ಗಳ ಕ್ರಮ ಉಳಿಯುತ್ತದೆ, ನಿಜ. ಆದರೆ ಸಿಗುವುದು ಆಬ್ಜೆಕ್ಟ್‌ಗಳ ಒಂದು ಲಿಸ್ಟ್, ಅದರಲ್ಲಿ ಸ್ಟ್ರಿಂಗೂ (ಬರಿ ಪಠ್ಯ) ಇದೆ, ಉದಾಹರಣೆಯೂ ಇದೆ, ಟ್ಯಾಗ್‌ಗಳ ನಡುವಿನ ಖಾಲಿ ಸಾಲುಗಳೂ ಸ್ಟ್ರಿಂಗ್ ಆಗಿ ಬಂದು ಕೂತಿವೆ. ಪ್ರತಿಯೊಂದಕ್ಕೂ ಇನ್‌ಸ್ಟನ್ಸ್‌ಆಫ್ (ನೀನು ಯಾವ ಟೈಪ್) ಅಂತ ಕೇಳುತ್ತಾ ಹೋಗುವುದಾದರೆ ಟೈಪ್ ಇದ್ದೇನು ಬಂತು? ಇನ್ನೊಂದು ಸಂಜೆ ಸುಮ್ನೆ ಹಾಳಾಯಿತು: ರೂಟಿಗೆ ನೇಮ್‌ಸ್ಪೇಸ್ (ಟ್ಯಾಗ್ ಹೆಸರು ಯಾವ ಗುಂಪಿನದು ಅನ್ನುವ ಗುರುತು) ಕೊಟ್ಟು ಒಳಗಿನ ಫೀಲ್ಡ್‌ಗಳಿಗೆ ಮರೆತಿದ್ದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಎಲ್ಲಾ ಫೀಲ್ಡೂ ನಲ್, ಅಂದರೆ ಖಾಲಿ.

ಜ್ಯಾಕ್ಸನ್ ಕೂಡ ಅಂಥದ್ದೇ ಲೈಬ್ರರಿ, ಈ ವಿಷಯದಲ್ಲಿ ವಾಸಿ. ಅದರ 2ನೇ ಆವೃತ್ತಿ ಗೊತ್ತಿಲ್ಲದ ಟ್ಯಾಗ್ ಕಂಡರೆ ತಕ್ಷಣ ಎರರ್ ಕೊಟ್ಟು ಕೂಗುತ್ತದೆ (3ರಲ್ಲಿ ಇದನ್ನು ನಾವೇ ಆನ್ ಮಾಡಬೇಕು). ಲಿಸ್ಟ್ ಅಂದರೆ ಹೊರಗೊಂದು ಹೊದಿಕೆ ಟ್ಯಾಗ್ ಇರುತ್ತದೆ ಅಂತ ತಾನೇ ಅಂದುಕೊಳ್ಳುತ್ತದೆ, ಇಲ್ಲದಿದ್ದರೆ ಯೂಸ್‌ರ‍್ಯಾಪಿಂಗ್ ಅನ್ನೋ ಸೆಟ್ಟಿಂಗನ್ನು ಫಾಲ್ಸ್ ಮಾಡಬೇಕು, ಅಷ್ಟೇ. ಆದರೆ ಪಠ್ಯ ಒಂದು ಫೀಲ್ಡಿಗೆ, ಉದಾಹರಣೆಗಳು ಇನ್ನೊಂದು ಲಿಸ್ಟಿಗೆ ಹೋದ ಮೇಲೆ ‘ಕಾಲು ಕೆಜಿ’ ಯಾವ ಅರ್ಥಕ್ಕೆ ಸೇರಿದ್ದು ಅಂತ ಹೇಳಲು ದಾರಿಯೇ ಇಲ್ಲ. ನನ್ನ ಫೈಲಿಗೆ ಇದು ಆಗಲಿಲ್ಲ.

ಕೊನೆಗೆ ಸ್ಟ್ಯಾಕ್ಸ್, ಫೈಲನ್ನು ತುಂಡು ತುಂಡಾಗಿ ಓದಿಕೊಡುವ ಜಾವಾದ ಸಾಧನ. ಇಲ್ಲಿ ಮ್ಯಾಪಿಂಗೇ ಇಲ್ಲ, ಟ್ಯಾಗ್ ಶುರುವಾಯಿತು, ಅಕ್ಷರ ಬಂತು, ಟ್ಯಾಗ್ ಮುಗಿಯಿತು ಅಂತ ಅದು ಹೇಳುತ್ತಾ ಹೋಗುತ್ತದೆ, ನಾವು ಬರೆದುಕೊಳ್ಳಬೇಕು. ಪಠ್ಯ ಬಂದಾಗ ಹೊಸ ಅರ್ಥ ತೆರೆದೆ, ಉದಾಹರಣೆ ಬಂದಾಗ ತೆರೆದಿರುವ ಅರ್ಥಕ್ಕೆ ಸೇರಿಸಿದೆ. ಅಂದರೆ ಎಕ್ಸ್‌ಎಂಎಲ್‌ನಲ್ಲಿ ಇಲ್ಲದೇ ಇದ್ದ ಒಂದು ಕ್ಲಾಸ್ ನನ್ನ ಕೋಡಿನಲ್ಲಿ ಹುಟ್ಟಿತು, ಮತ್ತು ಅದೇ ಸರಿಯಾದ ಕ್ಲಾಸ್ ಆಗಿತ್ತು. ಒಂದು ಕಡೆ ಮಾತ್ರ ಎಡವಿದೆ: ಒಂದೇ ಪಠ್ಯ ಎರಡು ಮೂರು ತುಂಡಾಗಿ ಬರಬಹುದು, ನಾನು ಪ್ರತಿ ತುಂಡಿಗೂ ಒಂದೊಂದು ಅರ್ಥ ಮಾಡಿಬಿಟ್ಟಿದ್ದೆ. ಕೋಲೆಸಿಂಗ್ (ತುಂಡುಗಳನ್ನು ಒಂದಾಗಿ ಸೇರಿಸುವ ಸೆಟ್ಟಿಂಗ್) ಆನ್ ಮಾಡಿದ ಮೇಲೆ ಸರಿಹೋಯಿತು.

ಕೋಡ್ ಜಾಸ್ತಿ, ಸುಮಾರು 120 ಸಾಲು. ಹೊಸ ಟ್ಯಾಗ್ ಬಂದರೆ ಮತ್ತೆ ಕೈ ಹಾಕಬೇಕು. ಬಿಲ್, ವಿಳಾಸ, ಸೆಟ್ಟಿಂಗ್ಸ್ ತರಹದ ಅಚ್ಚುಕಟ್ಟಾದ ಫೈಲ್ ಆಗಿದ್ದರೆ ನಾನು ಈಗಲೂ ಜ್ಯಾಕ್ಸನ್ನೇ ಹಿಡಿಯುತ್ತೇನೆ, ಪಠ್ಯದ ಮಧ್ಯೆ ಟ್ಯಾಗ್ ನುಸುಳಿದ್ದರೆ ಸ್ಟ್ಯಾಕ್ಸ್. ತಿದ್ದಿದ ಪದಕೋಶವನ್ನು ವಾಪಸ್ ಎಕ್ಸ್‌ಎಂಎಲ್ ಮಾಡುವ ಕೋಡನ್ನೂ ಈಗ ಕೈಯಲ್ಲೇ ಬರೆಯಬೇಕು, ಅದಿನ್ನೂ ಹಾಗೇ ಬಿದ್ದಿದೆ.