ಎರಡು ಲೀಟರ್ ಟೇಬಲ್‌ಟಾಪ್ ಗ್ರೈಂಡರ್: ಹಾಕಿದ ದುಡ್ಡು ಹುಟ್ಟುವುದು ಯಾರ ಮನೆಯಲ್ಲಿ?

ಅಂಗಡಿಯ ದೋಸೆಹಿಟ್ಟಿನ ಖರ್ಚು ಉಳಿಸಬೇಕೆಂದು ಗ್ರೈಂಡರ್ ತರುವವರು ಬಹಳ. ಆರು ತಿಂಗಳು ಕಳೆಯುವಷ್ಟರಲ್ಲಿ ಗ್ರೈಂಡರ್ ಅಟ್ಟ ಸೇರಿ, ಹಿಟ್ಟಿನ ಪ್ಯಾಕೆಟ್ ಮತ್ತೆ ಫ್ರಿಜ್ಜಿಗೆ ಬಂದಿರುವ ಮನೆಗಳೂ ಬಹಳ. ವಾರಕ್ಕೆ ಎಷ್ಟು ಸಲ ರುಬ್ಬುತ್ತೇವೆ ಅನ್ನುವುದನ್ನು ಮೊದಲೇ ಲೆಕ್ಕ ಹಾಕಿದ್ದರೆ ಹೀಗಾಗುತ್ತಿರಲಿಲ್ಲ.

ಲೆಕ್ಕಕ್ಕೆ ಅಕ್ಕಿ ಕೆಜಿಗೆ 50, ಉದ್ದಿನಬೇಳೆ 140, ಅಂಗಡಿ ಹಿಟ್ಟು ಕೆಜಿಗೆ 80, ಗ್ರೈಂಡರ್ 4,500 ರೂಪಾಯಿ ಎಂದು ಹಿಡಿಯೋಣ. ನಿಮ್ಮೂರಿನ ದರ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. ಒಂದು ಸಲ ರುಬ್ಬಲು 600 ಗ್ರಾಂ ಅಕ್ಕಿಗೆ 30, 150 ಗ್ರಾಂ ಉದ್ದಿಗೆ 21, ಮೆಂತ್ಯ ಉಪ್ಪಿಗೆ 2 ರೂಪಾಯಿ. 150 ವಾಟ್ ಮೋಟಾರು 50 ನಿಮಿಷ ಓಡಿದರೆ ಕಾಲು ಯೂನಿಟ್ಟೂ ಸುಡುವುದಿಲ್ಲ, ಅದಕ್ಕೊಂದು ರೂಪಾಯಿ ಇಡಿ. ಒಟ್ಟು 54 ರೂಪಾಯಿಗೆ ಸುಮಾರು 1.7 ಕೆಜಿ ಹಿಟ್ಟು. ಅಷ್ಟೇ ಹಿಟ್ಟಿಗೆ ಅಂಗಡಿಯಲ್ಲಿ 136. ಒಂದು ಸಲಕ್ಕೆ 82 ರೂಪಾಯಿ ಉಳಿತಾಯ.

ನಾಲ್ಕೈದು ಜನರಿರುವ, ವಾರಕ್ಕೆ ಎರಡು ಸಲ ರುಬ್ಬುವ ಮನೆಯಲ್ಲಿ ಗ್ರೈಂಡರಿನ ದುಡ್ಡು 28 ವಾರಕ್ಕೆ ಹುಟ್ಟುತ್ತದೆ. ವಾರಕ್ಕೊಮ್ಮೆ ಆದರೆ ಒಂದು ವರ್ಷ ದಾಟುತ್ತದೆ. ಇಬ್ಬರೇ ಇದ್ದು ಹದಿನೈದು ದಿನಕ್ಕೊಮ್ಮೆ ಇಡ್ಲಿ ಮಾಡುವವರಿಗೆ ಎರಡು ವರ್ಷಕ್ಕೂ ಹೆಚ್ಚು, ಅವರು ಕೊಳ್ಳಲೇಬೇಡಿ. ಇಡ್ಲಿರವೆ ಬಳಸುವ ಮನೆಗೂ ಇದೇ ಮಾತು. ಅಲ್ಲಿ ರುಬ್ಬಬೇಕಾದದ್ದು ಉದ್ದು ಮಾತ್ರ. ತಣ್ಣೀರು ಹಾಕಿ, ನಡುನಡುವೆ ನಿಲ್ಲಿಸಿ ರುಬ್ಬಿದರೆ ಮಿಕ್ಸಿಯೇ ಸಾಕು. ಸೊಸೈಟಿ ಅಕ್ಕಿ ಪುಕ್ಕಟೆ ಬರುವ ಮನೆಯಲ್ಲಿ ಮಾತ್ರ ಲೆಕ್ಕ ಇನ್ನೂ ಚೆನ್ನಾಗಿದೆ. ಆ ಅಕ್ಕಿ ದೋಸೆಗೆ ಒಗ್ಗುತ್ತದೆ, ಖರ್ಚು 54ರಿಂದ 24ಕ್ಕೆ ಇಳಿಯುತ್ತದೆ.

ಮಿಕ್ಸಿಗಿಂತ ಗ್ರೈಂಡರ್ ಮೇಲಾಗುವುದು ಉದ್ದಿನ ವಿಷಯದಲ್ಲಿ. ಮಿಕ್ಸಿಯ ಬ್ಲೇಡು ಬೇಳೆಯನ್ನು ಕತ್ತರಿಸುತ್ತದೆ, ಜಾರು ಬಿಸಿಯಾಗುತ್ತದೆ. ಕಲ್ಲು ನಿಧಾನವಾಗಿ ಅರೆಯುತ್ತ ಹಿಟ್ಟಿಗೆ ಗಾಳಿ ತುಂಬುತ್ತದೆ, ಹಾಗಾಗಿ ಬೇಳೆ ಅರಳುತ್ತದೆ. ಮಿಕ್ಸಿಯಲ್ಲಿ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಬೇಕಾದರೆ ಇಲ್ಲಿ ನಾಲ್ಕಕ್ಕೆ ಒಂದು ಸಾಕು.

ಅಕ್ಕಿ, ಉದ್ದು ಬೇರೆಬೇರೆ ನೆನೆಯಲಿ, ನಾಲ್ಕೈದು ಗಂಟೆ. ಒಂದು ಚಮಚ ಮೆಂತ್ಯ ಉದ್ದಿನ ಜೊತೆ. ಮೊದಲು ಉದ್ದು ರುಬ್ಬಿ. ಡ್ರಮ್ಮಿಗೆ ಅರ್ಧ ಲೋಟ ನೀರು ಹಾಕಿ, ಸ್ವಿಚ್ ಒತ್ತಿ, ಕಲ್ಲು ತಿರುಗತೊಡಗಿದ ಮೇಲೆ ಬೇಳೆಯನ್ನು ಹಿಡಿಹಿಡಿಯಾಗಿ ಬಿಡಿ. ಪೂರ್ತಿ ತುಂಬಿ ಆಮೇಲೆ ಸ್ವಿಚ್ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಗುಂಡುಕಲ್ಲು ಸಿಕ್ಕಿಕೊಳ್ಳುತ್ತದೆ, ಮೋಟಾರು ಗುಂಯ್‌ಗುಡುತ್ತದೆ, ಬೆಲ್ಟು ಜಾರಿ ಸವೆಯುತ್ತದೆ. ನೀರು ತಣ್ಣಗಿರಲಿ, ಒಟ್ಟು 250 ಮಿಲಿ, ಐದು ನಿಮಿಷಕ್ಕೊಮ್ಮೆ ಎರಡೆರಡು ಚಮಚ. 25ರಿಂದ 30 ನಿಮಿಷಕ್ಕೆ ಹಿಟ್ಟು ಬೆಣ್ಣೆಯ ಹಾಗಾಗುತ್ತದೆ. ಒಂದು ತೊಟ್ಟು ನೀರಿಗೆ ಬಿಟ್ಟು ನೋಡಿ: ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಐದು ನಿಮಿಷ. ಅಕ್ಕಿಗೆ 350 ಮಿಲಿ ನೀರು, 20 ನಿಮಿಷ. ಇಡ್ಲಿಗಾದರೆ ಸಣ್ಣ ರವೆಯ ತರಿ ಉಳಿಯಲಿ. ನುಣ್ಣಗಾದರೆ ಇಡ್ಲಿ ಅಂಟುತ್ತದೆ.

ಉಪ್ಪು ಹಾಕಿ ಕೈಯಲ್ಲೇ ಕಲಸಿ, ಹಿಟ್ಟಿನ ಎರಡರಷ್ಟು ಹಿಡಿಸುವ ಪಾತ್ರೆಯಲ್ಲಿಡಿ. ಮಂಗಳೂರಿನ ಸೆಕೆಗೆ ಏಳೆಂಟು ಗಂಟೆ ಸಾಕು. ಬೆಂಗಳೂರಿನ ಡಿಸೆಂಬರಿಗೆ ಹನ್ನೆರಡು, ಹದಿನಾಲ್ಕು ಬೇಕಾಗುತ್ತದೆ. ಉಬ್ಬಿದ ಮೇಲೆ ಫ್ರಿಜ್ಜಿನಲ್ಲಿಡಿ. ಮೊದಲ ದಿನ ಇಡ್ಲಿ, ಆಮೇಲೆ ದೋಸೆ. ಹುಳಿ ಏರಿದರೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿಹಾಕಿ ಪಡ್ಡು. ಚೆಲ್ಲಿದ ಹಿಟ್ಟು ಅಂದರೆ ಉಳಿಸಿದ 82 ರೂಪಾಯಿಯನ್ನು ಚರಂಡಿಗೆ ಬಿಟ್ಟ ಹಾಗೆ.

ಈ ಯಂತ್ರದ ದೊಡ್ಡ ಕೊರತೆ ತೊಳೆಯುವ ಕೆಲಸ. ಹಿಟ್ಟು ಒಣಗಿದರೆ ಕಲ್ಲಿನ ಸಂದಿನಿಂದ ಬಿಡಿಸಲು ಅರ್ಧ ಗಂಟೆ, ತೆಗೆದ ಕೂಡಲೇ ತೊಳೆದರೆ ಐದೇ ನಿಮಿಷ. ಗ್ರೈಂಡರ್ ಅಟ್ಟ ಸೇರುವುದು ಬಹುಪಾಲು ಇದರಿಂದಲೇ. ಕಟ್ಟೆಯ ಮೇಲೆ ಕಾಯಂ ಜಾಗ ಇಲ್ಲದ ಅಡುಗೆಮನೆಗೆ ಇದು ಬೇಡ. ಪ್ರತಿ ಸಲ ಎತ್ತಿ ಇಳಿಸುವಷ್ಟು ಹಗುರದ ಯಂತ್ರವಲ್ಲ.

ಬೆಲ್ಟು ಸಡಿಲವಾದರೆ ಖಾಲಿ ಇದ್ದಾಗ ಚೆನ್ನಾಗಿ ಓಡುವ ಡ್ರಮ್ಮು ಬೇಳೆ ಬಿದ್ದೊಡನೆ ತೂಕಡಿಸುತ್ತದೆ. ಅದು ರಿಪೇರಿ ಅಂಗಡಿಯಲ್ಲಿ ಬದಲಾಯಿಸುವ ಭಾಗ, ಮೋಟಾರು ಹೋಯಿತೆಂದು ಹೆದರಬೇಡಿ. ಹಿಟ್ಟು ಬಾಚುವ ಪ್ಲಾಸ್ಟಿಕ್ ಪಟ್ಟಿ ಸವೆದರೆ ಗೋಡೆಗೆ ಅಂಟಿದ್ದು ಅಲ್ಲೇ ಉಳಿದು ತರಿ ಬೆರೆಯುತ್ತದೆ. ಹೊಸ ಕಲ್ಲಿನಲ್ಲಿ ಮೊದಲ ಎರಡು ಸಲ ಒಂದು ಹಿಡಿ ನೆನೆಸಿದ ಅಕ್ಕಿ ರುಬ್ಬಿ ಚೆಲ್ಲಿ, ಕಲ್ಲಿನ ಪುಡಿ ಹೋಗಲಿ. ಗ್ರೈಂಡರ್ ತಯಾರಿಕೆಗೆ ಕೊಯಮತ್ತೂರು ಹೆಸರಾಗಿದೆ, ಅಲ್ಲಿನ ಗ್ರೈಂಡರಿಗೆ ಜಿಐ, ಅಂದರೆ ಊರಿನ ವಿಶೇಷ ಸರಕು ಎಂಬ ಮಾನ್ಯತೆಯೂ ಇದೆ. ಆದರೂ ಕೊಳ್ಳುವಾಗ ನೋಡಬೇಕಾದದ್ದು ನಿಮ್ಮೂರಲ್ಲಿ ಬೆಲ್ಟು, ಪಟ್ಟಿ ಸಿಗುತ್ತವೆಯೇ ಎಂದು. ಕಾಯಿ ತುರಿಯುವ, ಹಿಟ್ಟು ನಾದುವ ಜೋಡಣೆಗೆ ಹೆಚ್ಚು ಕೊಟ್ಟರೆ ಆ ದುಡ್ಡು ಹುಟ್ಟುವ ಅವಧಿ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಇನ್ನು ಉಳಿದ ಹಣ. ವಾರಕ್ಕೆರಡು ಸಲ ರುಬ್ಬುವ ಮನೆಯಲ್ಲಿ ತಿಂಗಳಿಗೆ ಸುಮಾರು 700 ರೂಪಾಯಿ. ಪ್ರತ್ಯೇಕ ತೆಗೆದಿಡದಿದ್ದರೆ ಅದು ದಿನಸಿ ಚೀಟಿಯಲ್ಲೇ ಕರಗುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ಇದಕ್ಕೆ ಹೇಳಿ ಮಾಡಿಸಿದ್ದು: ತಿಂಗಳಿಗೆ ಕನಿಷ್ಠ 100 ರೂಪಾಯಿ, ಮೇಲಿನದು ಹತ್ತರ ಗುಣಕದಲ್ಲಿ. 2023ರ ಅಕ್ಟೋಬರಿನಲ್ಲಿ ನಿಗದಿಯಾದ 6.7% ಬಡ್ಡಿಯಲ್ಲಿ ತಿಂಗಳಿಗೆ 700ರಂತೆ ಕಟ್ಟಿದ 42,000 ಐದು ವರ್ಷಕ್ಕೆ ಸುಮಾರು 49,950 ಆಗುತ್ತದೆ. ಗ್ರೈಂಡರಿನ ಸಾಲ ತೀರುವ ಮೊದಲ ಆರೂವರೆ ತಿಂಗಳು ಬಿಟ್ಟು ಆಮೇಲೆ ಖಾತೆ ತೆರೆದರೆ ಸಾಕು.

15ನೇ ತಾರೀಖಿನೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳು 15ರೊಳಗೇ ಕಟ್ಟಬೇಕು. ಆಮೇಲೆ ತೆರೆದದ್ದಕ್ಕೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಸಮಯ. ಸಂಬಳ ಒಂದನೇ ತಾರೀಖಿಗೆ ಬರುವವರು 15ರೊಳಗೆ ತೆರೆಯುವುದೇ ಒಳ್ಳೆಯದು, ತಿಂಗಳ ಕೊನೆಗೆ ಕೈ ಬರಿದಾಗಿರುತ್ತದೆ. ತಪ್ಪಿದರೆ ನೂರಕ್ಕೆ ಒಂದು ರೂಪಾಯಿಯಂತೆ 7 ರೂಪಾಯಿ ದಂಡ. ನಾಲ್ಕು ಕಂತು ತಪ್ಪಿದರೆ ಖಾತೆ ನಿಲ್ಲುತ್ತದೆ, ಎರಡು ತಿಂಗಳೊಳಗೆ ಮತ್ತೆ ಚಾಲೂ ಮಾಡಿಸಿಕೊಳ್ಳಬೇಕು. ಮೂರು ವರ್ಷದ ಮೇಲೆ ಮುರಿಸಬಹುದು, ಆದರೆ ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ. ಅದಕ್ಕಿಂತ ಹನ್ನೆರಡು ಕಂತಿನ ಬಳಿಕ ಕಟ್ಟಿದ್ದರ ಅರ್ಧದವರೆಗೆ ಸಿಗುವ ಸಾಲವೇ ವಾಸಿ.